ಕಾಣದ ಮಾಟಗಾತಿಯ ಜಮಾಖರ್ಚು: ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಚಿತ್ರದ ವ್ಯಾಪಾರ ಕಥನ

ಅಲ್ಪ ಬಂಡವಾಳದಿಂದ ಅಪಾರ ಗಳಿಕೆ ತಂದ ಸರಕುಗಳ ಮಾತು ಬಂದಾಗಲೆಲ್ಲ ಚಲನಚಿತ್ರೋದ್ಯಮದಿಂದ ತಪ್ಪದೆ ಉದಾಹರಿಸಲ್ಪಡುವ ಹೆಸರೊಂದಿದೆ. 1999ರ ಜುಲೈ ತಿಂಗಳಿನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಎಂಬ ಭಯಾನಕ ಚಿತ್ರವೇ ಅದು. ಅರವತ್ತು ಸಾವಿರ ಡಾಲರ್ ಹಾಕಿ ಇಪ್ಪತ್ತೈದು ಕೋಟಿ ಡಾಲರ್ ತೆಗೆದರು ಎಂಬ ಒಂದೇ ವಾಕ್ಯದಲ್ಲಿ ಈ ಕಥೆಯನ್ನು ಮುಗಿಸಿಬಿಡುವುದು ವಾಡಿಕೆ. ಲೆಕ್ಕಪತ್ರ ಬಲ್ಲ ವರ್ತಕರಿಗಾದರೋ ಈ ವಾಕ್ಯದಲ್ಲಿ ಖರ್ಚಿನ ಪುಟವೇ ಹರಿದುಹೋಗಿರುವುದು ಕೂಡಲೇ ಹೊಳೆಯುತ್ತದೆ.

ಇದೇ ಚಿತ್ರದ ಬಗೆಗೆ ಮತ್ತೊಂದು ಸಂಗತಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ವಿಮರ್ಶಕರಲ್ಲಿ ಬಹುಪಾಲು ಜನ ಇದನ್ನು ಮೆಚ್ಚಿದರು. ಹಣ ತೆತ್ತು ಒಳಹೋದ ಪ್ರೇಕ್ಷಕರಲ್ಲಿ ಅನೇಕರು ಗೊಣಗುತ್ತ ಹೊರಬಂದರು. ಒಂದೇ ಚಿತ್ರಕ್ಕೆ ಗೌರವದ ಪ್ರಶಸ್ತಿಯೂ ಅಪಹಾಸ್ಯದ ಪ್ರಶಸ್ತಿಯೂ ಒಂದೇ ಋತುವಿನಲ್ಲಿ ದೊರೆತವು. ಈ ಒಡಕು ಚಿತ್ರದ ಗುಣದೋಷಗಳಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಅದನ್ನು ಮಾರಿದ ರೀತಿಯಿಂದಲೇ ಹುಟ್ಟಿತೆಂದು ಹೇಳಲು ಸಾಕಷ್ಟು ಆಧಾರವಿದೆ.

ಎಂಟು ದಿನಗಳ ತಯಾರಿಕೆ

ಚಿತ್ರದ ನಿರ್ದೇಶಕರಾದ ಡೇನಿಯಲ್ ಮೈರಿಕ್ ಹಾಗೂ ಎಡುವಾರ್ಡೊ ಸ್ಯಾಂಚೆಜ್ ಇಬ್ಬರೂ ಫ್ಲಾರಿಡಾ ರಾಜ್ಯದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ ಚಲನಚಿತ್ರ ವ್ಯಾಸಂಗ ಮಾಡಿದವರು. ಗೆಳೆಯರನ್ನು ಕೂಡಿಕೊಂಡು ಹ್ಯಾಕ್ಸನ್ ಫಿಲ್ಮ್ಸ್ ಎಂಬ ಪುಟ್ಟ ಸಂಸ್ಥೆಯನ್ನು ಕಟ್ಟಿದ್ದರು. ಅವರ ಕೈಯಲ್ಲಿ ತಾರೆಯರಿರಲಿಲ್ಲ, ಸ್ಟುಡಿಯೋ ಇರಲಿಲ್ಲ, ವಿಶೇಷ ದೃಶ್ಯ ತಂತ್ರಗಳಿಗೆ ಹಣವೂ ಇರಲಿಲ್ಲ. ಈ ಕೊರತೆಗಳನ್ನೇ ಕಥಾವಸ್ತುವಿನ ಒಳಗೆ ಸೇರಿಸಿಕೊಂಡದ್ದು ಅವರ ಮೊದಲ ಜಾಣತನ. ಮಾಟಗಾತಿಯೊಬ್ಬಳ ಐತಿಹ್ಯವನ್ನು ಕುರಿತು ಸಾಕ್ಷ್ಯಚಿತ್ರ ತೆಗೆಯಲು ಮೂವರು ವಿದ್ಯಾರ್ಥಿಗಳು 1994ರಲ್ಲಿ ಮೇರಿಲ್ಯಾಂಡ್ ರಾಜ್ಯದ ಕಾಡಿಗೆ ಹೋಗಿ ಕಣ್ಮರೆಯಾಗುತ್ತಾರೆ. ಒಂದು ವರ್ಷದ ಬಳಿಕ ಅವರ ಕ್ಯಾಮೆರಾ ಸುರುಳಿಗಳು ಮಾತ್ರ ಸಿಗುತ್ತವೆ. ಪ್ರೇಕ್ಷಕರು ನೋಡುತ್ತಿರುವುದು ಆ ಸುರುಳಿಗಳನ್ನೇ. ಕಥೆ ಇಷ್ಟೆ. ವಿದ್ಯಾರ್ಥಿಗಳು ತೆಗೆದ ಚಿತ್ರವಾದ್ದರಿಂದ ಕ್ಯಾಮೆರಾ ಅಲುಗಿದರೂ, ಬೆಳಕು ಸಾಲದಿದ್ದರೂ, ಚೌಕಟ್ಟು ಓರೆಯಾದರೂ ಅದು ದೋಷವೆನಿಸದೆ ಸತ್ಯದ ಗುರುತೆನಿಸಿತು. ಕಳಪೆ ಕಚ್ಚಾ ಸಾಮಗ್ರಿಯನ್ನೇ ಸರಕಿನ ವೈಶಿಷ್ಟ್ಯವನ್ನಾಗಿ ತೋರಿಸಬಲ್ಲ ತಯಾರಕ ಅಪರೂಪ.

1997ರ ಅಕ್ಟೋಬರ್‌ನಲ್ಲಿ ಎಂಟು ದಿನಗಳಲ್ಲಿ ಚಿತ್ರೀಕರಣ ಮುಗಿಯಿತು. ಹೆದರ್ ಡೊನಾಹ್ಯು, ಮೈಕೆಲ್ ವಿಲಿಯಮ್ಸ್, ಜೋಶುವಾ ಲಿಯೊನಾರ್ಡ್ ಎಂಬ ಮೂವರು ಅಪರಿಚಿತ ಕಲಾವಿದರೇ ಹೆಗಲಿಗೆ ಕ್ಯಾಮೆರಾ ಏರಿಸಿಕೊಂಡು ಕಾಡಿನಲ್ಲಿ ನಡೆದರು. ಒಂದು ಸಾಮಾನ್ಯ ಹೈ-8 ವಿಡಿಯೋ ಕ್ಯಾಮೆರಾ, ಒಂದು 16 ಮಿಲಿಮೀಟರ್ ಕ್ಯಾಮೆರಾ. ಇವಿಷ್ಟೇ ಬಂಡವಾಳ ಸಾಧನಗಳು. ಸಂಭಾಷಣೆಯನ್ನು ಬರೆದುಕೊಟ್ಟಿರಲಿಲ್ಲ, ಸುಮಾರು 35 ಪುಟಗಳ ಕಥಾ ರೂಪರೇಷೆಯಷ್ಟೇ ಇದ್ದಿತು. ನಿರ್ದೇಶಕರು ಕಾಡಿನ ನಿಗದಿತ ಸ್ಥಳಗಳಲ್ಲಿ ಪ್ರತಿಯೊಬ್ಬ ಕಲಾವಿದರಿಗೂ ಪ್ರತ್ಯೇಕ ಚೀಟಿ ಇರಿಸುತ್ತಿದ್ದರು. ಒಬ್ಬರ ಚೀಟಿಯಲ್ಲಿ ಏನಿದೆ ಎಂಬುದು ಮತ್ತೊಬ್ಬರಿಗೆ ತಿಳಿಯುತ್ತಿರಲಿಲ್ಲ. ದಿನಗಳೆದಂತೆ ಆಹಾರದ ಪ್ರಮಾಣವನ್ನು ಕಡಿಮೆ ಮಾಡಲಾಯಿತು. ರಾತ್ರಿ ಗುಡಾರದ ಸುತ್ತ ಸದ್ದು ಮಾಡಿ ನಿದ್ರೆಗೆಡಿಸಲಾಯಿತು. ತೆರೆಯ ಮೇಲೆ ಕಾಣುವ ಹಸಿವು, ಸಿಡುಕು, ಬಳಲಿಕೆಗಳಲ್ಲಿ ಒಂದಷ್ಟು ಪಾಲು ನಿಜವಾದದ್ದೇ. ಹೀಗೆ ಒಟ್ಟಾದ ಸುಮಾರು ಇಪ್ಪತ್ತು ಗಂಟೆಗಳ ಚಿತ್ರಿಕೆಯನ್ನು ತಿಂಗಳುಗಟ್ಟಲೆ ಕುಳಿತು 81 ನಿಮಿಷಗಳಿಗೆ ಇಳಿಸಲಾಯಿತು. ಅಗ್ಗವಾದದ್ದು ಚಿತ್ರೀಕರಣವೇ ಹೊರತು ಸಂಕಲನದ ಶ್ರಮವಲ್ಲ.

ಮಾಟಗಾತಿ ಒಂದು ಕ್ಷಣವೂ ತೆರೆಯ ಮೇಲೆ ಕಾಣಿಸಿಕೊಳ್ಳುವುದಿಲ್ಲ. ಕಲ್ಲುಗುಡ್ಡೆಗಳು, ಕಡ್ಡಿಯಿಂದ ಕಟ್ಟಿದ ಮನುಷ್ಯಾಕೃತಿಗಳು, ಇರುಳಿನ ಧ್ವನಿಗಳು, ಕೊನೆಗೆ ಒಂದು ಪಾಳುಮನೆ ಇವಿಷ್ಟರಿಂದಲೇ ಭೀತಿ ಹುಟ್ಟಬೇಕು. ಹುಟ್ಟಿತೇ ಇಲ್ಲವೇ ಎಂಬುದೇ ಮುಂದಿನ ಜಗಳಕ್ಕೆಲ್ಲ ಮೂಲ.

ಖರೀದಿ ಹಾಗೂ ಪ್ರಚಾರ

1999ರ ಜನವರಿಯಲ್ಲಿ ಯೂಟಾ ರಾಜ್ಯದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ನಡುರಾತ್ರಿಯ ಪ್ರದರ್ಶನವಾಗಿ ಚಿತ್ರ ಮೊದಲ ಬಾರಿಗೆ ತೆರೆಕಂಡಿತು. ಆರ್ಟಿಸನ್ ಎಂಟರ್‌ಟೇನ್‌ಮೆಂಟ್ ಎಂಬ ಮಧ್ಯಮ ಗಾತ್ರದ ವಿತರಣಾ ಸಂಸ್ಥೆ ಸುಮಾರು 11 ಲಕ್ಷ ಡಾಲರ್‌ಗಳಿಗೆ ಅದರ ಹಕ್ಕನ್ನು ಕೊಂಡಿತು. ಮುಂದಿನ ಆರು ತಿಂಗಳಲ್ಲಿ ಆ ಸಂಸ್ಥೆ ನಡೆಸಿದ ಪ್ರಚಾರ ಕಾರ್ಯ ಇಂದಿಗೂ ಮಾರುಕಟ್ಟೆ ನಿರ್ವಹಣೆಯ ತರಗತಿಗಳಲ್ಲಿ ಚರ್ಚಿತವಾಗುತ್ತದೆ.

ಪ್ರಚಾರದ ತಳಹದಿಯನ್ನು ನಿರ್ಮಾಪಕರೇ ಹಾಕಿದ್ದರು. ಚಿತ್ರದ ತುಣುಕೊಂದು ಕೇಬಲ್ ವಾಹಿನಿಯ ಕಾರ್ಯಕ್ರಮವೊಂದರಲ್ಲಿ ನಿಜಘಟನೆಯೆಂಬಂತೆ ಆಗಲೇ ಪ್ರಸಾರವಾಗಿತ್ತು. ಚಿತ್ರದ ಅಂತರಜಾಲ ತಾಣದಲ್ಲಿ ಹೆದರ್‌ಳ ದಿನಚರಿ, ಪೊಲೀಸರ ದಾಖಲೆ, ಶತಮಾನಗಳ ಹಿಂದಿನಿಂದ ನಡೆದುಬಂದಿತೆನ್ನಲಾದ ಶಾಪದ ಕಾಲಾನುಕ್ರಮಣಿಕೆ ಎಲ್ಲವನ್ನೂ ಜೋಡಿಸಲಾಗಿತ್ತು. ಎಲ್ಲವೂ ಕಲ್ಪಿತ. ಮೂವರು ಕಲಾವಿದರ ಭಾವಚಿತ್ರವಿರುವ ‘ಕಾಣೆಯಾಗಿದ್ದಾರೆ’ ಎಂಬ ಭಿತ್ತಿಪತ್ರಗಳನ್ನು ಹಂಚಲಾಯಿತು. ಬಿಡುಗಡೆಗೆ ಕೆಲವೇ ದಿನಗಳಿರುವಾಗ ಸೈ-ಫೈ ವಾಹಿನಿಯಲ್ಲಿ ‘ಕರ್ಸ್ ಆಫ್ ದಿ ಬ್ಲೇರ್ ವಿಚ್’ ಎಂಬ ಕೃತಕ ಸಾಕ್ಷ್ಯಚಿತ್ರ ಪ್ರಸಾರವಾಯಿತು. ಪಾತ್ರಗಳಿಗೆ ಕಲಾವಿದರ ನಿಜನಾಮಗಳನ್ನೇ ಇಟ್ಟಿದ್ದರಿಂದ ಚಲನಚಿತ್ರಗಳ ಮಾಹಿತಿ ತಾಣದಲ್ಲಿಯೂ ಅವರು ಕಾಣೆಯಾದವರು, ಬಹುಶಃ ಮೃತರು ಎಂದು ನಮೂದಾಗಿತ್ತು. ಹೆದರ್ ಅವರ ತಾಯಿಗೆ ಸಂತಾಪ ಪತ್ರಗಳು ಬಂದವು.

ಚಿತ್ರದಲ್ಲಿ ಹಾಡುಗಳಿಲ್ಲ. ಆದರೂ ಹಾಡುಗಳ ಧ್ವನಿಮುದ್ರಿಕೆಯೊಂದು ಮಾರಾಟಕ್ಕೆ ಬಂದಿತು. ಕಾಣೆಯಾದ ಜೋಶ್‌ನ ಕಾರಿನಲ್ಲಿ ಸಿಕ್ಕ ಕ್ಯಾಸೆಟ್ಟಿನ ಹಾಡುಗಳೆಂದು ಅದಕ್ಕೆ ಕಾರಣ ಕಟ್ಟಲಾಗಿತ್ತು. ವ್ಯಾಪಾರಿಯ ಚಾತುರ್ಯಕ್ಕೆ ತಲೆದೂಗಬೇಕೋ ನಗಬೇಕೋ ತಿಳಿಯದ ಪ್ರಸಂಗವಿದು.

ಸರಬರಾಜಿನಲ್ಲಿಯೂ ಆರ್ಟಿಸನ್ ಸಂಸ್ಥೆ ಎಚ್ಚರ ವಹಿಸಿತು. ಜುಲೈ ಮಧ್ಯದಲ್ಲಿ ಕೇವಲ 27 ಚಿತ್ರಮಂದಿರಗಳಿಗೆ ಚಿತ್ರವನ್ನು ಬಿಟ್ಟಿತು. ಮೊದಲ ವಾರಾಂತ್ಯದ ಗಳಿಕೆ ಸುಮಾರು 15 ಲಕ್ಷ ಡಾಲರ್. ಎಂದರೆ ಮಂದಿರವೊಂದಕ್ಕೆ ಸರಾಸರಿ 56 ಸಾವಿರ. ಟಿಕೆಟ್ ಸಿಗದೆ ಹಿಂದಿರುಗಿದವರೇ ಪುಕ್ಕಟೆ ಪ್ರಚಾರಕರಾದರು. ಜುಲೈ 30ರಂದು ಮಂದಿರಗಳ ಸಂಖ್ಯೆಯನ್ನು 1,101ಕ್ಕೆ ಏರಿಸಿದಾಗ ಆ ವಾರಾಂತ್ಯದಲ್ಲಿಯೇ 2.9 ಕೋಟಿ ಡಾಲರ್ ಬಂದಿತು. ಆಗಸ್ಟ್ ತಿಂಗಳಿನಲ್ಲಿ ‘ಟೈಮ್’ ಹಾಗೂ ‘ನ್ಯೂಸ್‌ವೀಕ್’ ಎರಡೂ ವಾರಪತ್ರಿಕೆಗಳ ಮುಖಪುಟದಲ್ಲಿ ಈ ಚಿತ್ರವಿತ್ತು. ಅದೇ ಜುಲೈನಲ್ಲಿ 8 ಕೋಟಿ ಡಾಲರ್ ವೆಚ್ಚದ ‘ದಿ ಹಾಂಟಿಂಗ್’ ಎಂಬ ಭೂತದ ಚಿತ್ರವೂ ಹೆಸರಾಂತ ತಾರೆಯರೊಡನೆ ಬಿಡುಗಡೆಯಾಗಿತ್ತು. ಅಮೆರಿಕದೊಳಗಿನ ಗಳಿಕೆಯಲ್ಲಿ ಅದು ಮೂವರು ಅಪರಿಚಿತರ ಚಿತ್ರಕ್ಕಿಂತ ಬಹಳ ಹಿಂದುಳಿಯಿತು.

ವಿಮರ್ಶಕರ ತೀರ್ಪು, ಗಿರಾಕಿಗಳ ತೀರ್ಪು

ಷಿಕಾಗೋ ನಗರದ ಪ್ರಸಿದ್ಧ ವಿಮರ್ಶಕ ರೋಜರ್ ಎಬರ್ಟ್ ಚಿತ್ರಕ್ಕೆ ನಾಲ್ಕಕ್ಕೆ ನಾಲ್ಕು ತಾರೆಗಳನ್ನು ನೀಡಿದರು. ಕಣ್ಣಿಗೆ ಬೀಳುವ ಭೂತಕ್ಕಿಂತ ಕಲ್ಪನೆಯಲ್ಲಿ ಮೂಡುವ ಭೂತವೇ ಹೆಚ್ಚು ಹೆದರಿಸುತ್ತದೆ ಎಂಬುದು ಅವರ ಮೆಚ್ಚುಗೆಯ ತಿರುಳು. ಹಿರಿಯ ವಿಮರ್ಶಕ ಆ್ಯಂಡ್ರ್ಯೂ ಸಾರಿಸ್ ಅವರಾದರೋ ಇದು ಮಿತಿಮೀರಿ ಹೊಗಳಿಸಿಕೊಂಡ ಚಿತ್ರವೆಂದು ಕಟುವಾಗಿ ಬರೆದರು. ಒಟ್ಟಾರೆ ನೋಡಿದರೆ ಮೆಚ್ಚಿದವರ ಸಂಖ್ಯೆಯೇ ದೊಡ್ಡದು. ವಿಮರ್ಶೆಗಳನ್ನು ಕೂಡಿಸಿ ಲೆಕ್ಕ ಹಾಕುವ ರಾಟನ್ ಟೊಮ್ಯಾಟೋಸ್ ತಾಣದಲ್ಲಿ ಅನುಕೂಲ ವಿಮರ್ಶೆಗಳ ಪ್ರಮಾಣ ಶೇಕಡ 85ರ ಆಸುಪಾಸಿನಲ್ಲಿದೆ.

ಇನ್ನೊಂದು ಅಳತೆಗೋಲು ಬೇರೆಯದೇ ಉತ್ತರ ಕೊಟ್ಟಿತು. ಅಮೆರಿಕದಲ್ಲಿ ಸಿನೆಮಾಸ್ಕೋರ್ ಎಂಬ ಸಂಸ್ಥೆ ಮೊದಲ ದಿನಗಳ ಪ್ರೇಕ್ಷಕರನ್ನು ಮಂದಿರದ ಬಾಗಿಲಲ್ಲಿಯೇ ವಿಚಾರಿಸಿ ‘ಎ’ಯಿಂದ ‘ಎಫ್’ವರೆಗೆ ಶ್ರೇಣಿ ನೀಡುತ್ತದೆ. ಬ್ಲೇರ್ ವಿಚ್‌ಗೆ ದೊರೆತದ್ದು ‘ಸಿ ಪ್ಲಸ್’. ಸ್ವಂತ ಇಚ್ಛೆಯಿಂದ ಟಿಕೆಟ್ ಕೊಂಡವರು ಸಾಮಾನ್ಯವಾಗಿ ಉದಾರವಾಗಿಯೇ ಅಂಕ ಕೊಡುವುದರಿಂದ, ಆ ಅಳತೆಯಲ್ಲಿ ಇದು ಹಿನ್ನಡೆಯೆಂದೇ ಪರಿಗಣಿತವಾಗುವ ಶ್ರೇಣಿ. ಅಲುಗುವ ಕ್ಯಾಮೆರಾದಿಂದ ತಲೆಸುತ್ತು ಬಂದವರಿದ್ದರು, ವಾಂತಿ ಮಾಡಿಕೊಂಡವರೂ ಇದ್ದರು. ಕೊನೆಗಾದರೂ ಮಾಟಗಾತಿಯನ್ನು ತೋರಿಸಬಾರದಿತ್ತೇ ಎಂದು ಕೇಳಿದವರಂತೂ ಅಸಂಖ್ಯ.

ಈ ಎರಡು ತೀರ್ಪುಗಳ ನಡುವಿನ ಅಂತರವನ್ನು ಜಾಣ ವಿಮರ್ಶಕ, ದಡ್ಡ ಪ್ರೇಕ್ಷಕ ಎಂಬ ಸವೆದ ಮಾತಿನಿಂದ ವಿವರಿಸುವುದು ಸೋಮಾರಿತನ. ಚಿತ್ರೋತ್ಸವದ ನಡುರಾತ್ರಿಯಲ್ಲಿ ಕುಳಿತವನಿಗೆ ಈ ಚಿತ್ರದ ಬಗ್ಗೆ ಏನೂ ತಿಳಿದಿರಲಿಲ್ಲ. ಅವನಿಗೆ ದೊರೆತದ್ದೆಲ್ಲ ಅನಿರೀಕ್ಷಿತ. ಆಗಸ್ಟ್‌ನಲ್ಲಿ ಪಟ್ಟಣದ ದೊಡ್ಡ ಮಂದಿರಕ್ಕೆ ಕುಟುಂಬಸಮೇತ ಬಂದವನ ತಲೆಯಲ್ಲಿ ಎರಡು ವಾಗ್ದಾನಗಳು ಮೊಳಗುತ್ತಿದ್ದವು: ಇದು ನಡೆದ ಘಟನೆ, ಇದರಷ್ಟು ಹೆದರಿಸುವ ಚಿತ್ರ ಮತ್ತೊಂದಿಲ್ಲ. ಮೊದಲನೆಯದು ಸುಳ್ಳೆಂದು ಮುಖಪುಟದ ಲೇಖನಗಳೇ ಅಷ್ಟರಲ್ಲಿ ಬಯಲು ಮಾಡಿದ್ದವು. ಎರಡನೆಯದನ್ನು ಪೂರೈಸುವುದು ಯಾವ ಚಿತ್ರಕ್ಕೂ ಸಾಧ್ಯವಿರಲಿಲ್ಲ. ಮೌನ ಹಾಗೂ ಕತ್ತಲೆಯನ್ನೇ ನಂಬಿದ ಚಿತ್ರಕ್ಕಂತೂ ಇಲ್ಲವೇ ಇಲ್ಲ. ಡಬ್ಬಿಯ ಮೇಲಿನ ಬರಹಕ್ಕೂ ಡಬ್ಬಿಯೊಳಗಿನ ಪದಾರ್ಥಕ್ಕೂ ಹೊಂದಿಕೆಯಾಗದಿದ್ದಾಗ ಗಿರಾಕಿ ಪದಾರ್ಥವನ್ನೇ ದೂರುತ್ತಾನೆ, ಪದಾರ್ಥ ತನ್ನಷ್ಟಕ್ಕೆ ಚೆನ್ನಾಗಿದ್ದರೂ ಸಹ.

ಪ್ರಶಸ್ತಿಗಳಲ್ಲಿಯೂ ಇದೇ ಒಡಕು ಕಂಡಿತು. 2000ದ ಮಾರ್ಚ್ ತಿಂಗಳಿನಲ್ಲಿ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿಯವರು 5 ಲಕ್ಷ ಡಾಲರ್‌ಗಿಂತ ಕಡಿಮೆ ವೆಚ್ಚದ ಅತ್ಯುತ್ತಮ ಪ್ರಥಮ ಚಿತ್ರವೆಂದು ಇದನ್ನು ಗೌರವಿಸಿದರು. ಅದೇ ತಿಂಗಳು, ಕೆಟ್ಟ ಚಿತ್ರಗಳನ್ನು ಗೇಲಿ ಮಾಡುವ ಗೋಲ್ಡನ್ ರಾಸ್ಪ್‌ಬೆರಿ ಪ್ರಶಸ್ತಿಯವರು ಹೆದರ್ ಡೊನಾಹ್ಯು ಅವರನ್ನು ವರ್ಷದ ಅತ್ಯಂತ ಕೆಟ್ಟ ನಟಿಯೆಂದು ಸಾರಿದರು. ಚಿತ್ರವೂ ಅತ್ಯಂತ ಕೆಟ್ಟ ಚಿತ್ರದ ಪಟ್ಟಿಯಲ್ಲಿತ್ತು. ಆ ‘ಗೌರವ’ ಮಾತ್ರ ಸುಮಾರು 17 ಕೋಟಿ ಡಾಲರ್ ನುಂಗಿದ ‘ವೈಲ್ಡ್ ವೈಲ್ಡ್ ವೆಸ್ಟ್’ ಪಾಲಾಯಿತು. ಹಸಿದು, ನಿದ್ರೆಗೆಟ್ಟು, ತಾನೇ ಕ್ಯಾಮೆರಾ ಹಿಡಿದು ಅತ್ತ ಕಲಾವಿದೆಯ ಅಳು ನಿಜದಂತೆ ತೋರಿದ್ದರಿಂದಲೇ ಅದು ನಟನೆಯಲ್ಲವೆಂದು ಕೆಲವರು ಬಗೆದರು, ಕಿರಿಕಿರಿಯೆಂದು ಕೆಲವರು ಬಗೆದರು. ಈ ಒಂದು ತೀರ್ಪಿನಲ್ಲಿ ನ್ಯಾಯವಿರಲಿಲ್ಲ.

ಲೆಕ್ಕದ ಪುಸ್ತಕ

ಇನ್ನು ಆ ಪ್ರಸಿದ್ಧ ಅಂಕಿಗಳತ್ತ ಬರಬಹುದು. ಅಮೆರಿಕದೊಳಗೆ ಸುಮಾರು 14 ಕೋಟಿ, ಜಗತ್ತಿನಾದ್ಯಂತ ಸುಮಾರು 24.8 ಕೋಟಿ ಡಾಲರ್ ಗಳಿಕೆಯಾದದ್ದು ದಿಟ. ಆದರೆ ಇದು ಟಿಕೆಟ್ ಕಿಟಕಿಯಲ್ಲಿ ಬಿದ್ದ ಹಣ, ಚಿಲ್ಲರೆ ಬೆಲೆಯ ಒಟ್ಟು ಮೊತ್ತ. ಅದರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಚಿತ್ರಮಂದಿರಗಳ ಪಾಲು. ಅಂಗಡಿಯ ಮಾರಾಟ ಬೆಲೆಯನ್ನು ಕಾರ್ಖಾನೆಯ ಆದಾಯವೆಂದು ಯಾವ ತಯಾರಕನೂ ಬರೆದುಕೊಳ್ಳುವುದಿಲ್ಲ.

ಖರ್ಚಿನ ಬದಿಯಲ್ಲಿ, ಮೂಲ ಚಿತ್ರೀಕರಣಕ್ಕೆ ತಗುಲಿದ್ದು 35 ಸಾವಿರದಿಂದ 60 ಸಾವಿರ ಡಾಲರ್ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಖರೀದಿಯ ನಂತರ ಧ್ವನಿಯ ಪರಿಷ್ಕರಣೆ, ದೊಡ್ಡ ಫಿಲ್ಮಿಗೆ ವರ್ಗಾವಣೆ, ಬೇರೆ ಬೇರೆ ಮುಕ್ತಾಯಗಳ ಮರುಚಿತ್ರೀಕರಣ ನಡೆದವು. ಬೇರೆ ಮುಕ್ತಾಯಗಳನ್ನು ಕೈಬಿಟ್ಟು ಮೊದಲಿನದನ್ನೇ ಉಳಿಸಿಕೊಂಡದ್ದು ವಿತರಕರು ತೋರಿದ ಅಪರೂಪದ ವಿವೇಕ. ಇವೆಲ್ಲ ಸೇರಿ ವೆಚ್ಚ 2 ಲಕ್ಷದಿಂದ ಏಳೂವರೆ ಲಕ್ಷ ಡಾಲರ್‌ಗಳವರೆಗೆ ಏರಿತೆಂಬ ಅಂದಾಜುಗಳಿವೆ. ಪ್ರಚಾರಕ್ಕೆ ಆರ್ಟಿಸನ್ ಸಂಸ್ಥೆ ಸುರಿದ ಹಣ ಸುಮಾರು 2.5 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಅರವತ್ತು ಸಾವಿರದ ಸರಕನ್ನು ಮಾರಲು ಅದರ ನಾನೂರು ಪಟ್ಟಿಗೂ ಮಿಗಿಲಾದ ಖರ್ಚು! ಲಾಭ ಅಗಾಧವೇ ಆಯಿತು, ಅದರಲ್ಲಿ ಸಂದೇಹವಿಲ್ಲ. ಆದರೆ ಅಂತರಜಾಲದಲ್ಲಿ ಪುಕ್ಕಟೆಯಾಗಿ ಹಬ್ಬಿದ ಚಿತ್ರವೆಂಬುದು ಪ್ರಚಾರದ ಮೇಲೊಂದು ಪ್ರಚಾರ.

ಜಮಾಖರ್ಚಿನಲ್ಲಿ ಸೇರದ ಬಾಬ್ತೊಂದೂ ಇದೆ. ಕಥೆ ನಡೆಯುವ ಬರ್ಕಿಟ್ಸ್‌ವಿಲ್ ಎಂಬುದು ಮೇರಿಲ್ಯಾಂಡಿನಲ್ಲಿ ನಿಜವಾಗಿಯೂ ಇರುವ, ಇನ್ನೂರು ಜನಸಂಖ್ಯೆಯೂ ಇಲ್ಲದ ಹಳ್ಳಿ. ಚಿತ್ರ ಬಂದ ಬಳಿಕ ಮಾಟಗಾತಿಯನ್ನು ಹುಡುಕಿಕೊಂಡು ಜನ ಬಂದರು, ಸ್ಮಶಾನದಲ್ಲಿ ಅಲೆದಾಡಿದರು, ಊರಿನ ನಾಮಫಲಕಗಳನ್ನೇ ಕಿತ್ತುಕೊಂಡು ಹೋದರು. ಐತಿಹ್ಯವೇ ಇಲ್ಲದ ಊರಿಗೆ ಐತಿಹ್ಯವನ್ನು ಅಂಟಿಸಿದ್ದಕ್ಕೆ ಬೆಲೆ ತೆತ್ತವರು ಊರಿನವರು.

ಇಂಥ ಪ್ರಚಾರವನ್ನು ಇತರ ಸರಕುಗಳಿಗೆ ಅನ್ವಯಿಸಲು ಹೊರಡುವವರು ಇನ್ನೊಂದನ್ನೂ ಗಮನಿಸಬೇಕು. ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತನ್ನು ಸ್ಪಷ್ಟವಾಗಿ ನಿರೂಪಿಸಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತಯಾರಕರಿಗೆ 10 ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಕಥೆಯನ್ನು ನಿಜವೆನ್ನುವುದಕ್ಕೂ ಎಣ್ಣೆಯನ್ನು ಶುದ್ಧವೆನ್ನುವುದಕ್ಕೂ ವ್ಯತ್ಯಾಸವಿದೆ.

ಎರಡನೆಯ ಸರಬರಾಜು

ಸರಕು ಗೆದ್ದಿತೋ, ಬರೀ ಪ್ರಚಾರ ಗೆದ್ದಿತೋ ಎಂಬುದು ಎರಡನೆಯ ಬಾರಿ ಮಾರುವಾಗ ಗೊತ್ತಾಗುತ್ತದೆ. 2000ದ ಅಕ್ಟೋಬರ್‌ನಲ್ಲಿ, ಮೂಲ ನಿರ್ದೇಶಕರನ್ನು ಬಿಟ್ಟು ಜೋ ಬರ್ಲಿಂಜರ್ ಅವರ ಕೈಯಲ್ಲಿ ತಯಾರಿಸಿದ ‘ಬುಕ್ ಆಫ್ ಶ್ಯಾಡೋಸ್’ ಎಂಬ ಮುಂದುವರಿದ ಭಾಗ ಬಂದಿತು. ವೆಚ್ಚ ಸುಮಾರು 1.5 ಕೋಟಿ ಡಾಲರ್, ಜಾಗತಿಕ ಗಳಿಕೆ 4.8 ಕೋಟಿಗೂ ಕಡಿಮೆ. ಈ ಬಾರಿ ವಿಮರ್ಶಕರೂ ಕೈಬಿಟ್ಟರು. 2016ರಲ್ಲಿ ಆ್ಯಡಮ್ ವಿಂಗಾರ್ಡ್ ನಿರ್ದೇಶನದಲ್ಲಿ ಮತ್ತೊಂದು ಚಿತ್ರ ಬಂದರೂ ಮೊದಲಿನ ಸಂಚಲನ ಮರುಕಳಿಸಲಿಲ್ಲ.

ಆದರೆ ವಿಧಾನ ಮಾತ್ರ ಉಳಿಯಿತು. ಸ್ಯಾನ್ ಡಿಯಾಗೋದ ಓರೆನ್ ಪೆಲಿ ತನ್ನ ಸ್ವಂತ ಮನೆಯಲ್ಲಿ ಸುಮಾರು 15 ಸಾವಿರ ಡಾಲರ್‌ಗಳಲ್ಲಿ ತೆಗೆದ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ 2009ರಲ್ಲಿ ವ್ಯಾಪಕವಾಗಿ ಬಿಡುಗಡೆಯಾಗಿ 19 ಕೋಟಿ ಡಾಲರ್ ದಾಟಿತು. ಕನ್ನಡದಲ್ಲಿಯೂ 2013ರಲ್ಲಿ ಕೆ.ಎಸ್. ಅಶೋಕ ನಿರ್ದೇಶನದ ‘6-5=2’ ಚಿತ್ರ, ಚಾರಣಕ್ಕೆ ಹೋದ ತರುಣ ತರುಣಿಯರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬ ಇದೇ ತಂತ್ರವನ್ನು ಬಳಸಿತು. ದೊಡ್ಡ ತಾರೆಯರಿಲ್ಲದೆಯೂ ಅದು ಗೆದ್ದಿತು. ಮರುವರ್ಷ ಹಿಂದಿಯಲ್ಲಿಯೂ ತಯಾರಾಯಿತು.

ಹೆಸರು ಕೊಟ್ಟವರ ಪಾಲು

ಮೂವರು ಕಲಾವಿದರು ಅತ್ಯಲ್ಪ ಸಂಭಾವನೆಗೆ, ಕಾರ್ಮಿಕ ಸಂಘದ ರಕ್ಷಣೆಯಿಲ್ಲದೆ ದುಡಿದವರು. ತಮ್ಮ ನಿಜನಾಮಗಳನ್ನು ಪಾತ್ರಗಳಿಗೆ ಬಿಟ್ಟುಕೊಟ್ಟಿದ್ದರು. ಚಿತ್ರ ಗೆಲ್ಲುತ್ತಿದ್ದಾಗ ಅವರು ಎದುರು ಬಂದು ಮಾತನಾಡುವುದೇ ಪ್ರಚಾರಕ್ಕೆ ವಿಘ್ನವಾಗಿತ್ತು, ಏಕೆಂದರೆ ಪ್ರಚಾರದ ಪ್ರಕಾರ ಅವರು ಬದುಕಿಲ್ಲ. ಹೊಸ ಕಲಾವಿದನಿಗೆ ದೊರೆಯುವ ಏಕೈಕ ಬಂಡವಾಳವೆಂದರೆ ಹೆಸರು. ಇಲ್ಲಿ ಆ ಬಂಡವಾಳವೇ ಬೇರೆಯವರ ಸ್ವತ್ತಾಯಿತು. ಗಳಿಕೆ ಹತ್ತು ಕೋಟಿ ಡಾಲರ್ ದಾಟಿದಾಗ ತಮಗೆ ಬಂದದ್ದು ಒಂದು ಹಣ್ಣಿನ ಬುಟ್ಟಿ ಎಂದು ಅವರು 2024ರಲ್ಲಿ ಪತ್ರಿಕೆಗೆ ಹೇಳಿಕೊಂಡಿದ್ದಾರೆ. ಎರಡನೆಯ ಚಿತ್ರ ಬಂದಾಗ ತಮ್ಮ ಹೆಸರು ಹಾಗೂ ರೂಪಗಳ ಬಳಕೆಯ ವಿರುದ್ಧ ದಾವೆ ಹೂಡಿದರು. ಅದು ರಾಜಿಯಲ್ಲಿ ಮುಗಿಯಿತು. ತಲಾ ಸುಮಾರು 3 ಲಕ್ಷ ಡಾಲರ್ ದೊರೆಯಿತೆಂದು ವರದಿಯಾಗಿದೆ. ನಟನೆಯನ್ನು ತ್ಯಜಿಸಿದ ಹೆದರ್ ಡೊನಾಹ್ಯು ಮುಂದೆ ತಮ್ಮ ಹೆಸರನ್ನೇ ರೇ ಹ್ಯಾನ್ಸ್ ಎಂದು ಬದಲಾಯಿಸಿಕೊಂಡರು.

2003ರಲ್ಲಿ ಆರ್ಟಿಸನ್ ಸಂಸ್ಥೆಯನ್ನು ಲಯನ್ಸ್‌ಗೇಟ್ ಕೊಂಡುಕೊಂಡಿತು. ಮಾಟಗಾತಿಯ ಹಕ್ಕುಗಳೂ ಅದರೊಡನೆ ಹೋದವು. 2024ರ ಏಪ್ರಿಲ್‌ನಲ್ಲಿ ಆ ಸಂಸ್ಥೆ ಬ್ಲಮ್‌ಹೌಸ್ ಜೊತೆಗೂಡಿ ಹೊಸ ಬ್ಲೇರ್ ವಿಚ್ ಚಿತ್ರವನ್ನು ಘೋಷಿಸಿದಾಗ ಮೂವರೂ ಬಹಿರಂಗ ಪತ್ರವೊಂದನ್ನು ಪ್ರಕಟಿಸಿದರು. ಸಂಘದ ರಕ್ಷಣೆಯಿದ್ದಿದ್ದರೆ ಸಲ್ಲಬಹುದಾಗಿದ್ದ ಗೌರವಧನ ಹಿಂದಿನಿಂದ ಅನ್ವಯವಾಗುವಂತೆ ದೊರೆಯಬೇಕು. ತಮ್ಮ ಹೆಸರು, ರೂಪಗಳು ಬಳಕೆಯಾಗುವ ಮುಂದಿನ ಯೋಜನೆಗಳಲ್ಲಿ ತಮ್ಮೊಡನೆ ಸಮಾಲೋಚಿಸಬೇಕು ಎಂಬುವು ಅವರ ಎರಡು ಬೇಡಿಕೆಗಳು. ಮೂಲ ನಿರ್ದೇಶಕರೂ ನಿರ್ಮಾಪಕರೂ ಇದನ್ನು ಬೆಂಬಲಿಸಿ ಹೇಳಿಕೆ ನೀಡಿದರು. ಮೂರನೆಯ ಬೇಡಿಕೆ ಅವರಿಗಾಗಿ ಅಲ್ಲ: ಹೆಸರಿಲ್ಲದ ಹೊಸ ಚಿತ್ರಕರ್ಮಿಯೊಬ್ಬರಿಗೆ ಮೊದಲ ಚಿತ್ರ ತೆಗೆಯಲು ಸಂಸ್ಥೆ ಪ್ರತಿವರ್ಷ ಅನುದಾನ ನೀಡಬೇಕೆಂಬುದು. ಪತ್ರದಲ್ಲಿ ಕೇಳಿದ ಮೊತ್ತ 60,000 ಡಾಲರ್.